ಶಿವಮೊಗ್ಗದ ಶನಿವಾರದ ಕಥೆ ಕ್ಲಾಸು: ಸೇರಬಹುದಾ ಅಂತ ಕೇಳೋರಿಗೆ

ಸುಮಾರು ಜನ ಮೆಸೇಜ್ ಮಾಡಿ ಕೇಳ್ತಿದಾರೆ, ಆ ಕ್ರಿಯೇಟಿವ್ ರೈಟಿಂಗ್ ಕೋರ್ಸ್ ಹೇಗಿದೆ, ಫೀಸ್ ಕಟ್ಟಿದ್ದಕ್ಕೆ ಏನಾದ್ರೂ ಸಿಗತ್ತಾ ಅಂತ. ಒಬ್ಬೊಬ್ರಿಗೇ ಟೈಪ್ ಮಾಡೋ ಬದ್ಲು ಒಂದೇ ಸಲ ಬರೆದುಬಿಡ್ತೀನಿ, ಉದ್ದ ಆಗತ್ತೆ, ಟೈಮ್ ಇದ್ದಾಗ ಓದಿ.

ಮೊದ್ಲು ಮುಖ್ಯವಾದ ಮಾತು. ಕೋರ್ಸ್ ಚೆನ್ನಾಗಿದೆ. ಸಿಲಬಸ್ ಸಾಧಾರಣ, ಪರೀಕ್ಷೆ ಪೂರ್ತಿ ದಂಡ, ಆದ್ರೆ ವಾರವಾರ ಬರೆದಿದ್ದನ್ನ ಹತ್ತು ಜನರ ಮುಂದೆ ಜೋರಾಗಿ ಓದೋ ಪದ್ಧತಿ ಇದ್ಯಲ್ಲ, ಅದೊಂದಕ್ಕೇ ಕೊಟ್ಟ ದುಡ್ಡು ವಸೂಲಾಗತ್ತೆ. ಐದಕ್ಕೆ ಎಷ್ಟು ಅಂದ್ರೆ ನಾನು ನಾಲ್ಕು ಕೊಡ್ತೀನಿ.

ಕಾಲೇಜಿನ ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಒಂದಷ್ಟು ದೂರುಗಳಿವೆ, ಅದು ಆ ಒಂದು ಕಾಲೇಜಿನ ತಪ್ಪು ಅಂತ ಯಾರೂ ತಿಳ್ಕೊಳ್ಳೋದು ಬೇಡ, ಇಂಥ ಕೋರ್ಸ್ ಎಲ್ಲಿ ನಡೆದ್ರೂ ಹೀಗೇ ಆಗೋ ಚಾನ್ಸ್ ಜಾಸ್ತಿ. ರೆಗ್ಯುಲರ್ ಡಿಗ್ರಿ ಕಾಲೇಜೇ, ಶನಿವಾರ ಮಧ್ಯಾಹ್ನ ಖಾಲಿ ಇರೋ ರೂಮಲ್ಲಿ ಊರಿನ ಯಾರು ಬೇಕಾದ್ರೂ ಬಂದು ಸೇರಬಹುದು ಅಂತ ಸರ್ಟಿಫಿಕೇಟ್ ಕೋರ್ಸ್ ಮಾಡಿದಾರೆ. ವಯಸ್ಸು ಕೇಳಲ್ಲ, ಪಿಯುಸಿ ಪರ್ಸೆಂಟೇಜ್ ಕೇಳಲ್ಲ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜ್ ಅಂತ ಇದ್ಯಲ್ಲ, ಆ ಥರ. ಅಲ್ಲಿ 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾಗಿದ್ದು, ಕಮ್ಮಿ ಫೀಸು, ಎರಡು ವರ್ಷದ ಓದು, ಹಗಲು ದುಡಿಯೋರಿಗೆ ಸಂಜೆ ಕ್ಲಾಸು. ನಮ್ಮ ದೇಶದಲ್ಲೂ 1995ರಲ್ಲಿ ಪಾಂಡಿಚೇರಿ ಯೂನಿವರ್ಸಿಟಿ ಒಂದು ಕಮ್ಯುನಿಟಿ ಕಾಲೇಜ್ ಶುರು ಮಾಡ್ತು, ಆಮೇಲೆ 12ನೇ ಪಂಚವಾರ್ಷಿಕ ಯೋಜನೆ ಟೈಮಲ್ಲಿ ಯುಜಿಸಿ ಕೂಡ ಸ್ಕೀಮ್ ತಂತು, ಆದ್ರೆ ಅದೆಲ್ಲ ಉದ್ಯೋಗಕ್ಕೆ ಬೇಕಾದ ಸ್ಕಿಲ್ ಕಲಿಸೋದಕ್ಕೆ ಮಾಡಿದ್ದು. ಅಮೆರಿಕದ ಅಂಥ ಕಾಲೇಜುಗಳಲ್ಲಿ ವೆಲ್ಡಿಂಗ್ ಕ್ಲಾಸಿನ ಪಕ್ಕದ ರೂಮಲ್ಲೇ ಕಥೆ, ಪದ್ಯ ಬರೆಯೋ ಕ್ಲಾಸೂ ಇರತ್ತೆ, ನಮ್ಮಲ್ಲಿ ಅದು ಅಪರೂಪ. ಇಗ್ನೋದಲ್ಲಿ ಕ್ರಿಯೇಟಿವ್ ರೈಟಿಂಗ್ ಡಿಪ್ಲೊಮಾ ಇದೆ, ಆದ್ರೆ ಅದು ಇಂಗ್ಲಿಷಲ್ಲಿ ಬರೆಯೋರಿಗೆ. ಕನ್ನಡದಲ್ಲಿ ಬರೀಬೇಕು, ನಮ್ಮೂರಲ್ಲೇ ಆಗಬೇಕು, ಕೆಲಸಾನೂ ಬಿಡಬಾರದು ಅನ್ನೋರಿಗೆ ಇಂಥದ್ದೇ ಬೇಕು.

ನಾನು ಅಡಿಕೆ ಮಂಡಿಯೊಂದ್ರಲ್ಲಿ ಲೆಕ್ಕ ಬರೆಯೋಳು. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಒಂದೊಂದು ಥರದ ಅಡಿಕೆಗೂ ದಿನಾ ರೇಟು ಬರ್ಕೊಂಡು, ರೈತರ ಹೆಸರಿನ ಮುಂದೆ ಕ್ವಿಂಟಾಲ್ ಲೆಕ್ಕ ಹಾಕೋದು ನನ್ನ ಕೆಲಸ. ಶನಿವಾರ ಮಧ್ಯಾಹ್ನ ಬೇಗ ಬಿಡಿ ಅಂತ ಸಾಹುಕಾರ್ರನ್ನ ಕೇಳಿದಾಗ ಏನಕ್ಕಮ್ಮ ಅಂದ್ರು, ಕಥೆ ಬರೆಯೋದು ಕಲಿಯಕ್ಕೆ ಅಂದೆ, ಒಂದು ನಿಮಿಷ ಸುಮ್ನಿದ್ದು ಸರಿ ಹೋಗಿಬಾ ಅಂದ್ರು. ಅವ್ರಿಗೆ ಇವತ್ತಿಗೂ ನಾನು ಋಣಿ.

ಕ್ಲಾಸಲ್ಲಿ ಯಾರ್ಯಾರಿದ್ರು ಅಂತ ಹೇಳ್ಬೇಕು, ಅದು ಗೊತ್ತಾಗ್ದೆ ಕೋರ್ಸ್ ಅರ್ಥ ಆಗಲ್ಲ. ರಿಟೈರ್ ಆದ ಒಬ್ರು ಬಸ್ ಕಂಡಕ್ಟರ್, ತೀರ್ಥಹಳ್ಳಿ ಕಡೆ ತೋಟ ಇರೋ ಒಬ್ರು, ಇಬ್ರು ಡಿಗ್ರಿ ಹುಡುಗ್ರು, ಒಬ್ಬ ಆಶಾ ಕಾರ್ಯಕರ್ತೆ, ಮಕ್ಕಳು ಬೆಂಗಳೂರು ಸೇರಿದ್ಮೇಲೆ ಮನೇಲಿ ಒಬ್ರೇ ಇರೋ ವಿನೋಬನಗರದ ಒಬ್ರು ಅಮ್ಮ, ಸಾಗರದ ಕಡೆಯ ಮುಳುಗಡೆ ಕುಟುಂಬದ, ಅಂದ್ರೆ ಡ್ಯಾಮ್ ನೀರಲ್ಲಿ ಮನೆ ಕಳ್ಕೊಂಡವರ ಮನೆಯ ಒಬ್ಳು ಹುಡುಗಿ. ಒಬ್ರ ಕನ್ನಡ ಒಬ್ರ ಥರ ಇಲ್ಲ. ಹವ್ಯಕರ ಮನೆ ಮಾತು ಬೇರೆ, ದೀವರ ಮನೆ ಮಾತು ಬೇರೆ, ಮನೇಲಿ ಉರ್ದು ಆಡೋ ಹುಡುಗನ ಕನ್ನಡದ ರಾಗಾನೇ ಬೇರೆ. ಕಲಿಸೋ ಮೇಡಂ ಮೊದಲನೇ ದಿನಾನೇ ಹೇಳಿದ್ರು, "ನಿಮ್ಮ ಕಥೇಲಿರೋರು ನಿಮ್ಮ ಮನೇಲಿ ಹೇಗೆ ಮಾತಾಡ್ತಾರೋ ಹಾಗೇ ಮಾತಾಡ್ಲಿ, ಪುಸ್ತಕದ ಭಾಷೆ ಅವ್ರ ಬಾಯಿಗೆ ತುರುಕಬೇಡಿ" ಅಂತ. ಆ ಮಾತು ಕೇಳಿದ್ಮೇಲೆ ಆಶಾ ಅಕ್ಕ ಬರೆದಿದ್ದನ್ನ ನೋಡ್ಬೇಕಿತ್ತು. ಅಲ್ಲೀವರೆಗೆ ಸರ್ಕಾರಿ ರಿಪೋರ್ಟ್ ಥರ ಬರೀತಿದ್ದೋರು, ಬಾಣಂತಿಯ ಅತ್ತೆ ಬಾಗ್ಲಲ್ಲೇ ನಿಂತು ಆಡೋ ಮಾತನ್ನ ಇದ್ದಿದ್ದು ಇದ್ದ ಹಾಗೇ ಬರ್ಕೊಂಡು ಬಂದ್ರು, ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೇಳ್ತು.

ಈಗ ಓದೋ ಪದ್ಧತಿ ಬಗ್ಗೆ. ಪ್ರತಿ ಶನಿವಾರ ಮೂರು ಜನ ತಾವು ಬರೆದಿದ್ದನ್ನ ಜೋರಾಗಿ ಓದ್ತಾರೆ. ಓದಿ ಮುಗಿದ್ಮೇಲೆ ಬರೆದೋರು ಬಾಯಿ ಬಿಡೋ ಹಾಗಿಲ್ಲ, ಉಳಿದೋರು ಮಾತಾಡ್ತಾರೆ, ಎಲ್ಲಿ ಕಣ್ಣಿಗೆ ಕಟ್ತು, ಎಲ್ಲಿ ಬೇಜಾರಾಯ್ತು, ಎಲ್ಲಿ ತಿಳೀಲಿಲ್ಲ ಅಂತ. ಬರೆದೋರು "ಅಲ್ಲ ಅಲ್ಲ, ನಾನು ಹೇಳಕ್ಕೆ ಹೊರಟಿದ್ದು ಏನಂದ್ರೆ" ಅಂತ ಶುರು ಮಾಡಿದ್ರೆ ಮೇಡಂ ಕೈ ಎತ್ತಿ ನಿಲ್ಲಿಸ್ತಾರೆ, ಯಾಕಂದ್ರೆ ಪತ್ರಿಕೇಲಿ ಕಥೆ ಓದೋರ ಮನೆಗೆಲ್ಲ ಹೋಗಿ ನಾವು ವಿವರಣೆ ಕೊಡಕ್ಕಾಗಲ್ಲ. ಅಮೆರಿಕದ ಅಯೋವಾ ಯೂನಿವರ್ಸಿಟೀಲಿ 1936ರಲ್ಲಿ ಶುರುವಾದ ರೈಟರ್ಸ್ ವರ್ಕ್‌ಶಾಪ್‌ನಿಂದ ಈ ಪದ್ಧತಿ ಹೆಸರಾಯ್ತು ಅಂತ ಹೇಳಿದ್ರು. ನನಗೆ ಮಾತ್ರ ಅದು ಹೊರಗಿಂದು ಅನ್ನಿಸಲೇ ಇಲ್ಲ. ಅಡಿಕೆ ಸುಲಿಯೋ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂತು ಹೆಂಗಸ್ರು ಕಥೆ ಹೇಳ್ತಿದ್ರಲ್ಲ, ಚೂರು ಬೇಜಾರಾದ್ರೂ "ಅದು ಬಿಡೇ, ಆಮೇಲೆ ಏನಾಯ್ತು ಹೇಳು" ಅಂತ ಮುಖಕ್ಕೇ ಹೇಳ್ತಿದ್ರು, ಅಂಥ ಕೇಳುಗರ ಮುಂದೆ ಯಾರೂ ಸುಮ್ನೆ ಎಳೆಯಕ್ಕಾಗ್ತಿರ್ಲಿಲ್ಲ.

ಒಂದು ಉದಾಹರಣೆ ಹೇಳ್ತೀನಿ. ಕಂಡಕ್ಟರ್ ಸರ್ ಒಂದು ಕಥೆ ತಂದಿದ್ರು, ಆಗುಂಬೆ ಘಾಟಿಯ ಮಿನಿ ಬಸ್ಸಿಂದು. ಮೊದಲ ಎರಡು ಪುಟ ಬರೀ ಘಾಟಿ, ಮಂಜು, ಸೂರ್ಯಾಸ್ತ, 14 ಹೇರ್‌ಪಿನ್ ತಿರುವು, ಒಂದೊಂದು ತಿರುವಿಗೂ ಒಂದೊಂದು ಉಪಮೆ. ಮೂರನೇ ಪುಟದಲ್ಲಿ ಒಬ್ರು ಮುದುಕರು ಬರ್ತಾರೆ, ದಿನಾ ಒಂದು ಸ್ಟೇಜ್ ಕಮ್ಮಿ ಟಿಕೆಟ್ ತಗೊಂಡು ಮುಂಚಿನ ಸ್ಟಾಪಲ್ಲೇ ಇಳಿದು ಮಳೇಲೂ ನಡ್ಕೊಂಡು ಹೋಗ್ತಾರೆ, ಕಂಡಕ್ಟರ್ ಅದನ್ನ ನೋಡ್ತಾನೇ ಇರ್ತಾನೆ, ಒಂದು ದಿನಾನೂ ಕೇಳಲ್ಲ. ಕ್ಲಾಸಲ್ಲಿ ಎಲ್ರೂ ಒಂದೇ ಮಾತು ಹೇಳಿದ್ರು, ಸರ್, ಮುದುಕರು ಬಂದ್ಮೇಲೆ ಕಥೆ ಶುರುವಾಯ್ತು. ಪಾಪ ಅವ್ರು ತಲೆ ತಗ್ಗಿಸ್ಕೊಂಡು ನೋಟ್ ಮಾಡ್ಕೊಂಡ್ರು, ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ತಂದಾಗ ಘಾಟಿ ಇರ್ಲಿಲ್ಲ, ಮಂಜು ಇರ್ಲಿಲ್ಲ. ಮುದುಕರು ಅಂಗೈಲಿ ಚಿಲ್ಲರೆ ಎಣಿಸೋದ್ರಿಂದಲೇ ಶುರು. ಮಳೆ ಒಂದೇ ಒಂದ್ಕಡೆ ಬರತ್ತೆ, ಇಳಿಯೋ ಮುಂಚೆ ಅವ್ರು ಟಿಕೆಟನ್ನ ಒದ್ದೆಯಾಗ್ದೆ ಇರ್ಲಿ ಅಂತ ಟೋಪಿ ಒಳಗೆ ಇಟ್ಕೊಳ್ತಾರೆ, ಅಷ್ಟೇ. ಅದನ್ನ ಓದಿದಾಗ ವಿನೋಬನಗರದ ಅಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು. ಯಾವ ಪಠ್ಯಪುಸ್ತಕದಲ್ಲಿ "ಸಣ್ಣಕಥೆಯ ಆರಂಭ ಹೇಗಿರಬೇಕು" ಅಂತ ಓದಿದ್ರೆ ಇದು ಬರ್ತಿತ್ತು ಹೇಳಿ.

ಇನ್ನೊಂದು ಎಕ್ಸರ್‌ಸೈಜು ನನಗೆ ತುಂಬ ಹಿಡಿಸಿದ್ದು, ಒಂದೇ ಘಟನೇನ ಬೇರೆಬೇರೆ ಜನರ ಕಡೆಯಿಂದ ಬರೆಯೋದು. ಮುಳುಗಡೆ ಕುಟುಂಬದ ಹುಡುಗಿ ಅವಳ ಅಜ್ಜ ಮನೆ ಬಿಟ್ಟು ಹೊರಟ ದಿನ ತಗೊಂಡಳು. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಆಗಿದ್ದು, ಅದಕ್ಕೂ ಮೊದಲು ಮಡೆನೂರಲ್ಲಿ ಒಂದು ಹಳೇ ಡ್ಯಾಮ್ ಇತ್ತು, ಅದೂ ಈ ನೀರಲ್ಲೇ ಮುಳುಗ್ತು, ಬೇಸಿಗೇಲಿ ನೀರು ತೀರ ಇಳಿದ ವರ್ಷ ಅದು ಮೇಲೆ ಕಾಣತ್ತೆ, ಜನ ನೋಡಕ್ಕೆ ಹೋಗ್ತಾರೆ. ಮೊದಲು ಅಜ್ಜನ ಕಡೆಯಿಂದ ಬರೆದಳು, ಮನೆ ಬಾಗ್ಲು ದಾರಂದ ಕಿತ್ತು ಗಾಡಿಗೆ ಹೇರಿದ್ದು, ದೇವರನ್ನ ಮಡಿಲಲ್ಲಿ ಇಟ್ಕೊಂಡು ಕೂತಿದ್ದು. ಚೆನ್ನಾಗಿತ್ತು, ಆದ್ರೆ ನಾವೆಲ್ಲ ಮೊದಲೇ ಕೇಳಿದ್ದ ದುಃಖ. ಆಮೇಲೆ ಮೇಡಂ ಹೇಳಿದ್ರು, ಮನೆ ಗೋಡೆ ಮೇಲೆ ನಂಬರ್ ಬರೆಯಕ್ಕೆ ಬಂದ ನೌಕರನ ಕಡೆಯಿಂದ ಬರಿ ಅಂತ. ಆ ಹುಡುಗಿಗೆ ಸಿಟ್ಟು ಬಂತು, ಅವನಿಗೇನು ಕಥೆ ಅಂತ ಕೇಳಿಯೇಬಿಟ್ಟಳು. ಎರಡು ವಾರ ಬರೀಲೇ ಇಲ್ಲ. ಆಮೇಲೆ ಬರೆದು ತಂದಳು, ಆ ಮನೆಯೋರು ಅವನಿಗೂ ಎಲೆ ಹಾಕಿ ಊಟಕ್ಕೆ ಕೂರಿಸ್ತಾರೆ, ಅವನ ಕೈಗೆ ಅಂಟಿದ ಬಣ್ಣ ತೊಳೆದ್ರೂ ಹೋಗಲ್ಲ, ಹಾಗೇ ಊಟಕ್ಕೆ ಕೂರ್ತಾನೆ. ಅದನ್ನ ಓದಿದ್ಮೇಲೆ ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ. ನನ್ನ ಪ್ರಕಾರ ಈ ವರ್ಷ ಆ ಕ್ಲಾಸಲ್ಲಿ ಹುಟ್ಟಿದ್ದರಲ್ಲೇ ದೊಡ್ಡ ಕಥೆ ಅದು.

ಬರೆಯೋದನ್ನ ಕಲಿಸಕ್ಕಾಗತ್ತಾ, ಅದು ಹುಟ್ಟಿನಿಂದ ಬರಬೇಕು ಅಲ್ವಾ ಅಂತ ಮನೇಲಿ, ಮಂಡೀಲಿ, ಮದುವೆ ಮನೇಲಿ ಎಲ್ಲ ಕಡೆ ಕೇಳಿದಾರೆ. ನನಗೆ ಈ ಪ್ರಶ್ನೆ ಕೇಳಿದಾಗೆಲ್ಲ ಬೇಜಾರಾಗತ್ತೆ. ನಾವಿರೋದು ಎಂಥ ಸೀಮೆ ಮಾರಾಯ್ರೆ! ಹೆಗ್ಗೋಡಲ್ಲಿ 1949ರಿಂದ ನೀನಾಸಂ ಅನ್ನೋ ನಾಟಕದ ಸಂಸ್ಥೆ ಇದೆ, 1980ರಿಂದ ಅಲ್ಲಿ ನಾಟಕದ ಶಾಲೆ ನಡೀತಿದೆ, ಅದನ್ನ ಕಟ್ಟಿದ ಕೆ.ವಿ. ಸುಬ್ಬಣ್ಣನವ್ರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ನಟನೆ ಕಲಿಸಕ್ಕಾಗತ್ತಾ ಅಂತ ಅಲ್ಲಿ ಯಾರೂ ಕೇಳಲ್ಲ. ಇಲ್ಲೇ ತುಂಗೆ ದಡದ ಹೊಸಹಳ್ಳೀಲಿ ಕಾವ್ಯನ ರಾಗವಾಗಿ ಓದೋ ಗಮಕ ಗುರುವಿಂದ ಶಿಷ್ಯರಿಗೆ ಬಂದಿದೆ, ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವ್ರಿಗೆ 2022ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನದ ಹೆಜ್ಜೆ ಕಲಿಸ್ತಾರೆ, ಚೆಂಡೆ ಕಲಿಸ್ತಾರೆ, ಭರತನಾಟ್ಯಕ್ಕೆ ಮಕ್ಕಳನ್ನ ಸ್ಕೂಟಿ ಮೇಲೆ ಕೂರಿಸ್ಕೊಂಡು ಕರ್ಕೊಂಡು ಹೋಗ್ತಾರೆ. ಕಥೆ ಬರೆಯೋದೊಂದು ಮಾತ್ರ ಆಕಾಶದಿಂದ ಬೀಳಬೇಕಾ? ಪ್ರತಿಭೆ ಕೊಡಕ್ಕಾಗಲ್ಲ ಸರಿ, ಆದ್ರೆ ಬೇಡದ್ದನ್ನ ಹೊಡೆದುಹಾಕೋದು, ಮಾತನ್ನ ಕಿವಿಗೊಟ್ಟು ಕೇಳೋದು, ಒಂದು ಕಥೇನ ಮುಗಿಸೋದು, ಇದಿಷ್ಟೂ ಅಭ್ಯಾಸದಿಂದ ಬರತ್ತೆ, ನಾನು ಕಣ್ಣಾರೆ ನೋಡಿದೀನಿ.

ವಯಸ್ಸಾಯ್ತು ಅನ್ನೋರಿಗೆ ಒಂದು ಮಾತು. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಬರೆಯಕ್ಕೆ ಶುರು ಮಾಡಿದ್ದೇ ನಲವತ್ತು ದಾಟಿದ್ಮೇಲೆ, ಸಂಸಾರ ಮಕ್ಕಳು ಎಲ್ಲ ಆದ್ಮೇಲೆ. ಸಾಗರದ ನಾ. ಡಿಸೋಜ ಪಿಡಬ್ಲ್ಯುಡೀಲಿ ಕೆಲಸ ಮಾಡ್ತಾನೇ ಬರೆದೋರು, ಆ ಮುಳುಗಡೆ ಸಂಕಟಾನ ಹತ್ತಿರದಿಂದ ನೋಡಿ ಬರೆದೋರು. ಕುವೆಂಪು, ಅನಂತಮೂರ್ತಿ, ಲಂಕೇಶ್, ಜಿ.ಎಸ್. ಶಿವರುದ್ರಪ್ಪ ಎಲ್ಲ ಇದೇ ಸೀಮೆಯೋರು ಅಂತ ಸ್ಟೇಜ್ ಮೇಲೆ ಹೆಮ್ಮೆಯಿಂದ ಹೇಳ್ತೀವಿ, ಆದ್ರೆ ಇವತ್ತು ಈ ಊರಲ್ಲಿ ಒಬ್ಬ ಹುಡುಗ ಕಥೆ ಬರೆದ್ರೆ ಅದನ್ನ ಕೂತು ಕೇಳೋ ಜಾಗ ಎಷ್ಟಿದೆ? ಈ ಕ್ಲಾಸು ಅಂಥದ್ದೊಂದು ಜಾಗ ಮಾಡಿಕೊಟ್ಟಿದೆ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಈಗ ದೂರುಗಳು. ಇವನ್ನ ಮುಚ್ಚಿಡೋದು ಸೇರೋರಿಗೆ ಅನ್ಯಾಯ.

ಎಲ್ಲಕ್ಕಿಂತ ದೊಡ್ಡದು ಪರೀಕ್ಷೆ. ಇಷ್ಟೆಲ್ಲ ಜೀವಂತವಾಗಿ ನಡೆಯೋ ಕ್ಲಾಸಿನ ಕೊನೇಲಿ ಮೂರು ಗಂಟೆ ಪೇಪರ್ ಕೊಟ್ಟು "ಸಣ್ಣಕಥೆಯ ಲಕ್ಷಣಗಳನ್ನು ವಿವರಿಸಿ", "ಪಾತ್ರ ಎಂದರೇನು" ಅಂತ ಕೇಳ್ತಾರೆ. ಕಂಡಕ್ಟರ್ ಸರ್ ಅಂಥ ಕಥೆ ಬರೆದೋರು, ಆದ್ರೆ ಅಲಂಕಾರದ ಪ್ರಶ್ನೆಗೆ ಉತ್ತರ ಬರೀಲಿಲ್ಲ ಅಂತ ಅವ್ರಿಗೆ ಸೆಕೆಂಡ್ ಕ್ಲಾಸು, ಗೈಡ್ ಉರು ಹೊಡೆದ ಹುಡುಗನಿಗೆ ಡಿಸ್ಟಿಂಕ್ಷನ್ನು. ಮೇಡಂ ಕೈಲಿ ಇದು ಇಲ್ಲ, ಮಾರ್ಕ್ಸ್ ಇಲ್ದೆ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ ಅಂತ ಆಫೀಸಲ್ಲಿ ಹೇಳ್ತಾರೆ. ಹಾಗಾದ್ರೆ ಬರೆದ ಕಥೆಗಳನ್ನೇ ಫೈಲ್ ಮಾಡಿ ಅದಕ್ಕೇ ಮಾರ್ಕ್ಸ್ ಕೊಡಲಿ, ಮೊದಲು ಬರೆದ ಪ್ರತಿ, ತಿದ್ದಿದ ಪ್ರತಿ ಎರಡನ್ನೂ ಇಟ್ಟು ನೋಡಲಿ. ಬೇರೆ ಕೋರ್ಸಿಗೆಲ್ಲ ಪ್ರಾಜೆಕ್ಟ್ ವರ್ಕ್ ಅಂತ ಇರತ್ತಲ್ಲ, ಇದಕ್ಕೆ ಯಾಕಾಗಲ್ಲ? ಲಿಖಿತವಾಗಿ ಬರೆದುಕೊಟ್ಟಿದೀವಿ, ಎಲ್ರೂ ಸೈನ್ ಹಾಕಿದೀವಿ.

ಎರಡನೇದು ಅತಿಥಿ ಉಪನ್ಯಾಸ. ತಿಂಗಳಿಗೊಂದು ಸಲ ದೊಡ್ಡೋರನ್ನ ಕರೆಸ್ತಾರೆ, ಒಳ್ಳೇದೇ, ಆದ್ರೆ ಸ್ವಾಗತ, ಪ್ರಾರ್ಥನೆ, ಪರಿಚಯ, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆ ಎಲ್ಲ ಆಗೋ ಹೊತ್ತಿಗೆ ಒಂದು ಗಂಟೆ ಹೋಗಿರತ್ತೆ. ಬಂದೋರೂ ತಮ್ಮ ಸಾಹಿತ್ಯ ಯಾತ್ರೆ ಹೇಳಿ ಹೋಗ್ತಾರೆ, ನಮ್ಮ ಒಂದು ಪುಟಾನೂ ಕೇಳಲ್ಲ. ಒಬ್ರೇ ಒಬ್ರು ಬಂದಿದ್ರು, ಹಾರ ಬೇಡ ಅಂದು ಚೇರನ್ನ ನಮ್ಮ ನಡುವೆ ಹಾಕ್ಕೊಂಡು ಕೂತು, ಡಿಗ್ರಿ ಹುಡುಗನ ಪದ್ಯಾನ ಸಾಲುಸಾಲಾಗಿ ನೋಡಿ, ಈ ಪದ ಯಾಕೆ ಇಲ್ಲಿ, ಇದು ತೆಗೆದ್ರೆ ಏನಾಗತ್ತೆ ಅಂತ ಅವನ ಕೈಲೇ ಹೇಳಿಸಿದ್ರು. ಅವತ್ತು ಕಲಿತಿದ್ದು ಉಳಿದೆಲ್ಲ ಭಾಷಣಕ್ಕಿಂತ ಜಾಸ್ತಿ.

ಕಂಪ್ಯೂಟರ್ ಲ್ಯಾಬ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಅಲ್ಲಿ ಇನ್ನೂ ಹಳೇ ನುಡಿ ಫಾಂಟಲ್ಲೇ ಟೈಪ್ ಮಾಡಿಸ್ತಾರೆ, ಅದನ್ನ ಮನೆಗೆ ಬಂದು ಮೊಬೈಲಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣತ್ತೆ, ಒಂದಕ್ಷರ ಓದಕ್ಕಾಗಲ್ಲ. ಸೇರೋರು ಮೊದಲ ದಿನದಿಂದಲೇ ಯುನಿಕೋಡಲ್ಲಿ ಟೈಪ್ ಮಾಡಿ. ಬೆರಳಲ್ಲಿ ಕುಟ್ಟಕ್ಕಾಗಲ್ಲ ಅನ್ನೋರು ಫೋನಿನ ವಾಯ್ಸ್ ಟೈಪಿಂಗ್ ಹಾಕ್ಕೊಳ್ಳಬಹುದು, ಆದ್ರೆ ಮಲೆನಾಡಿನ ಆಡುಮಾತು ಅದಕ್ಕೆ ಸರಿಯಾಗಿ ತಿಳಿಯಲ್ಲ, ಕೂತು ತಿದ್ದಬೇಕು. ತೋಟದವ್ರು ಮಾತ್ರ ಕೊನೇವರೆಗೂ ನೋಟ್‌ಬುಕ್ಕಲ್ಲೇ ಬರೆದ್ರು, ಅದಕ್ಕೂ ಯಾರ ಅಡ್ಡಿ ಇಲ್ಲ.

ಟೈಮಿಂಗ್ ಬಗ್ಗೆ ಕಾಲೇಜು ಯೋಚನೆ ಮಾಡಲೇಬೇಕು. ಕೋರ್ಸ್ ನಡೆಯೋದು ಸರಿಯಾಗಿ ಅಡಿಕೆ ಕೊಯ್ಲಿನ ಟೈಮಲ್ಲಿ. ಮರ ಹತ್ತಿ ಅಡಿಕೆ ಗೊನೆ ತೆಗೆಯೋರು ಸಿಗೋದೇ ಕಷ್ಟ, ಸಿಕ್ಕ ದಿನ ಸುಲಿದು, ಬೇಯಿಸಿ, ಒಣಗಿಸೋದು ಬಿಟ್ಟು ಯಾವ ತೋಟದೋರು ಶನಿವಾರ ಶಿವಮೊಗ್ಗಕ್ಕೆ ಬರಕ್ಕಾಗತ್ತೆ? ಆ ತೀರ್ಥಹಳ್ಳಿಯವ್ರು ಎಷ್ಟೋ ಕ್ಲಾಸ್ ತಪ್ಪಿಸ್ಕೊಂಡ್ರು, ಅಟೆಂಡೆನ್ಸ್ ಸಾಲಲ್ಲ ಅಂತ ಕೊನೇಲಿ ಓಡಾಡಬೇಕಾಯ್ತು. ಹೊಸನಗರ, ಸಾಗರ ಕಡೆ ಹೋಗೋರು ಕತ್ತಲಾಗೋ ಮುಂಚೆ ಬಸ್ ಹಿಡಿಯಕ್ಕೆ ಕಥೆಯ ಅರ್ಧಕ್ಕೇ ಎದ್ದು ಹೋಗ್ತಿದ್ರು. ಫೆಬ್ರವರಿಯಿಂದ ಮೇ ಒಳಗೆ ಮಾಡಿದ್ರೆ ತೋಟದೋರಿಗೂ ಅನುಕೂಲ, ಮಳೆ ಕರೆಂಟಿನ ಕಾಟವೂ ಇಲ್ಲ.

ಕೆಲಸಕ್ಕೆ ಈ ಸರ್ಟಿಫಿಕೇಟ್ ಪ್ರಯೋಜನ ಇಲ್ಲ, ಅದನ್ನ ನಂಬ್ಕೊಂಡು ಸೇರಬೇಡಿ. ಆದ್ರೆ ಒಂದು ಕ್ಲಾಸಲ್ಲಿ ಕಥೆ ಕಳಿಸೋದು ಹೇಗೆ ಅಂತ ಹೇಳಿಕೊಟ್ಟಿದ್ದು ತುಂಬ ಉಪಯೋಗಕ್ಕೆ ಬಂತು. ಸುಧಾ, ತರಂಗ, ಮಯೂರ, ತುಷಾರದ ಒಂದೊಂದು ಸಂಚಿಕೆ ತಂದು ಮುಂದಿಟ್ಟು, ಯಾವುದ್ರಲ್ಲಿ ಎಂಥ ಕಥೆ, ಎಷ್ಟು ಉದ್ದದ್ದು ಬರತ್ತೆ ಅಂತ ನಮ್ಮ ಕೈಲೇ ಹುಡುಕಿಸಿದ್ರು. ಒಂದೇ ಕಥೇನ ಒಂದೇ ಸಲ ಎರಡು ಕಡೆ ಕಳಿಸಬಾರದು, ಸ್ವಂತದ್ದು, ಎಲ್ಲೂ ಪ್ರಕಟ ಆಗಿಲ್ಲ ಅಂತ ಬರೆದುಕೊಡಬೇಕು, ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆ ಥರದ್ದಕ್ಕೆ ಪ್ರಕಟಣೇಲಿ ಹೇಳಿದ ಪದಮಿತಿ ಮೀರಬಾರದು, ವಾಪಸ್ ಬಂತು ಅಂದ್ರೆ ಕಥೆ ಕೆಟ್ಟದ್ದು ಅಂತಲ್ಲ, ಇನ್ನೊಂದು ಸಲ ಓದಿ ಬೇರೆ ಕಡೆ ಕಳಿಸಿ ಅಂತ. ಆಶಾ ಅಕ್ಕನ ಕಥೆ ಒಂದು ಪತ್ರಿಕೇಲಿ ಬಂತು, ಅವತ್ತು ಕಾಲೇಜಿನ ಹತ್ರ ಇರೋ ಹೋಟೆಲಲ್ಲಿ ಎಲ್ರಿಗೂ ನೀರು ದೋಸೆ ಕೊಡಿಸಿದ್ರು.

ಯಾರು ಸೇರಬೇಕು? ಅರ್ಧ ಬರೆದಿಟ್ಟ ಕಥೆ ಡಬ್ಬೀಲಿ ಇಟ್ಕೊಂಡಿರೋರು ಕಣ್ಣು ಮುಚ್ಚಿ ಸೇರಿ, ಮುಗಿಸಲೇಬೇಕಾದ ಒಂದು ದಿನ ಸಿಗತ್ತೆ. ಬರೀ ಮೆಚ್ಚುಗೆ ಬೇಕು ಅನ್ನೋರಿಗೆ ಕಷ್ಟ ಆಗತ್ತೆ. ಸಾಹಿತ್ಯ ಚರಿತ್ರೆ, ಮೀಮಾಂಸೆ ಆಳವಾಗಿ ಓದ್ಬೇಕು ಅನ್ನೋರು ಶಂಕರಘಟ್ಟದಲ್ಲಿ ಕುವೆಂಪು ವಿವಿಯ ಕನ್ನಡ ಎಂಎ ನೋಡಿ, ಅದು ಬೇರೇನೇ ಓದು. ನಾಲ್ಕೈದು ದಿನ ಎಲ್ಲ ಕಲೆಗಳ ಮಧ್ಯೆ ಇದ್ದು ಬರ್ತೀನಿ ಅನ್ನೋರಿಗೆ ಹೆಗ್ಗೋಡಲ್ಲಿ ನೀನಾಸಂ ನಡೆಸೋ ಶಿಬಿರ ಇದೆ.

ಫೀಸು ನಮ್ಮ ಬ್ಯಾಚಿಗೆ 3,000 ರೂಪಾಯಿ ಇತ್ತು, ಎರಡು ಕಂತಲ್ಲಿ ಕಟ್ಟಬಹುದು, ಪ್ರಿಂಟೌಟ್ ಜೆರಾಕ್ಸ್ ಖರ್ಚು ನಮ್ಮದೇ. ಅಪ್ಲಿಕೇಶನ್ ಜೊತೆ ಎರಡು ಫೋಟೋ, ಆಧಾರ್ ಜೆರಾಕ್ಸ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೊಟ್ರೆ ಸಾಕು. ಇಪ್ಪತ್ತು ಸೀಟಿಗಿಂತ ಜಾಸ್ತಿ ತಗೊಳ್ಳಲ್ಲ, ತಗೊಳ್ಳಲೂಬಾರದು, ಜಾಸ್ತಿಯಾದ್ರೆ ಓದೋ ಸರದಿ ಬರಲ್ಲ. ಕಾಲೇಜಿನ ಹೆಸರು, ಫೋನ್ ನಂಬರ್ ಬೇಕಾದೋರು ನನಗೆ ಮೆಸೇಜ್ ಮಾಡಿ, ಶನಿವಾರ ಮಧ್ಯಾಹ್ನ ಬಿಟ್ಟು ಯಾವಾಗ ಬೇಕಾದ್ರೂ ಉತ್ತರ ಕೊಡ್ತೀನಿ, ಕೋರ್ಸ್ ಮುಗಿದ್ರೂ ನಾವು ಆರು ಜನ ಆ ಹೊತ್ತಿಗೆ ಇನ್ನೂ ಸೇರಿ ಓದ್ತಿದೀವಿ.